‘ಗೈಡಿಂಗ್ ಪ್ರಿನ್ಸಿಪಲ್ಸ್’ ಎಂಬ ಪದಪುಂಜದ ಸರಿಯಾದ ಬಳಕೆ: ತತ್ತ್ವ, ನಿಯಮ, ಮಾರ್ಗಸೂಚಿಗಳ ವಿವೇಚನೆ

ಪೀಠಿಕೆ

ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕರು ಅನೇಕ ವೇಳೆ ಒಂದೇ ದಿನದಲ್ಲಿ ಮೂರು ಭಾಷೆಗಳಲ್ಲಿ ಬರೆಯಬೇಕಾಗುತ್ತದೆ. ಪಾಠಯೋಜನೆ ಕನ್ನಡದಲ್ಲಿ, ಮಾಸಿಕ ವರದಿ ರಾಜ್ಯಭಾಷೆಯಲ್ಲಿ, ಮೇಲಿನ ಕಛೇರಿಗೆ ಹೋಗುವ ಪತ್ರ ಇಂಗ್ಲಿಷಿನಲ್ಲಿ. ಹೀಗೆ ಮೂರು ಭಾಷೆಗಳ ನಡುವೆ ಓಡಾಡುವ ಪದಗಳು ದಾರಿಯಲ್ಲಿ ತಮ್ಮ ಅರ್ಥವನ್ನು ತುಸು ಕಳೆದುಕೊಳ್ಳುವುದುಂಟು, ಇಲ್ಲವೆ ತಮ್ಮದಲ್ಲದ ಅರ್ಥವನ್ನು ಅಂಟಿಸಿಕೊಳ್ಳುವುದುಂಟು. ಅಂತಹ ಪದಗಳ ಪೈಕಿ ‘ಗೈಡಿಂಗ್ ಪ್ರಿನ್ಸಿಪಲ್ಸ್’ ಒಂದು. ಕನ್ನಡದಲ್ಲಿ ಇದನ್ನು ‘ಮಾರ್ಗದರ್ಶಕ ತತ್ತ್ವಗಳು’ ಎನ್ನುತ್ತೇವೆ.

ಒಂದು ಶಾಲೆಯ ಮನವಿಯಲ್ಲಿ ಹೀಗೊಂದು ವಾಕ್ಯವಿದೆ ಎಂದು ಭಾವಿಸೋಣ: “ಸಂವಿಧಾನದ 350-ಎ ಅನುಚ್ಛೇದವು ಒಂದು ನಿರ್ದೇಶಕ ತತ್ತ್ವವಾಗಿದ್ದು, ಅದರಂತೆ ನಮ್ಮ ಶಾಲೆಯಲ್ಲಿ ತೆರವಾಗಿರುವ ಕನ್ನಡ ಶಿಕ್ಷಕರ ಹುದ್ದೆಯನ್ನು ತುಂಬಿಸಿಕೊಡಬೇಕು.” ಮೇಲ್ನೋಟಕ್ಕೆ ವಾಕ್ಯದಲ್ಲಿ ತಪ್ಪಿಲ್ಲ. ವ್ಯಾಕರಣ ಸರಿಯಾಗಿದೆ, ಬೇಡಿಕೆ ನ್ಯಾಯವಾದುದು. ಆದರೆ ‘ನಿರ್ದೇಶಕ ತತ್ತ್ವ’ ಎಂಬ ಒಂದು ಪದವು ಮನವಿ ಬರೆದವರ ವಾದವನ್ನೇ ದುರ್ಬಲಗೊಳಿಸಿದೆ. ಹೇಗೆ ಎಂಬುದು ಈ ಪಾಠದ ಆರನೆಯ ಭಾಗದಲ್ಲಿ ತಿಳಿಯುವುದು. ಅದಕ್ಕೆ ಮುನ್ನ ಪದದ ರೂಪ, ಅರ್ಥ, ವಾಕ್ಯದಲ್ಲಿ ಅದು ನಿಲ್ಲುವ ಬಗೆ ಇವನ್ನು ಕ್ರಮವಾಗಿ ನೋಡಬೇಕು.

ಪಾಠದ ಉದ್ದೇಶಗಳು

ಈ ಪಾಠವನ್ನು ಮುಗಿಸಿದ ಶಿಕ್ಷಕರು, ಒಂದು, ‘ಪ್ರಿನ್ಸಿಪಲ್’ ಎಂದು ಉಚ್ಚರಿಸಲ್ಪಡುವ ಎರಡು ಇಂಗ್ಲಿಷ್ ಪದಗಳ ಕಾಗುಣಿತ ಹಾಗೂ ಅರ್ಥವನ್ನು ಬೇರ್ಪಡಿಸಿ ಕಲಿಸಬಲ್ಲರು. ಎರಡು, ತತ್ತ್ವ, ನಿಯಮ, ಮಾರ್ಗಸೂಚಿ, ಗುರಿ ಎಂಬ ನಾಲ್ಕು ಪದಗಳನ್ನು ಅವುಗಳ ತಕ್ಕ ಸ್ಥಾನದಲ್ಲಿ ಬಳಸಬಲ್ಲರು. ಮೂರು, ನೆರೆಯ ರಾಜ್ಯಭಾಷೆಯ ಪದವನ್ನು ಕನ್ನಡಕ್ಕೆ ತರುವಾಗ ಆಗುವ ಅರ್ಥಪಲ್ಲಟವನ್ನು ಗುರುತಿಸಬಲ್ಲರು. ನಾಲ್ಕು, ಶಾಲೆಯ ಪರವಾಗಿ ಬರೆಯುವ ಮನವಿಯಲ್ಲಿ ಸಂವಿಧಾನದ ಮಾತನ್ನು ಸರಿಯಾದ ಹೆಸರಿನಿಂದ ಕರೆಯಬಲ್ಲರು.

1. ಪದದ ಮೂಲ ಮತ್ತು ಅರ್ಥ

‘ಪ್ರಿನ್ಸಿಪಲ್’ ಎಂಬ ಪದದ ಮೂಲ ಲ್ಯಾಟಿನ್ ಭಾಷೆಯ ‘ಪ್ರಿನ್ಸಿಪಿಯಂ’. ಅದರ ಅರ್ಥ ಆರಂಭ, ಮೂಲ, ತಳಹದಿ. ಯಾವುದರಿಂದ ಉಳಿದೆಲ್ಲವೂ ಹೊರಡುವುದೋ ಅದು ಪ್ರಿನ್ಸಿಪಲ್. ಕನ್ನಡದ ‘ತತ್ತ್ವ’ ಎಂಬ ಪದವು ಸಂಸ್ಕೃತದ ‘ತತ್’ ಎಂಬುದಕ್ಕೆ ‘ತ್ವ’ ಪ್ರತ್ಯಯ ಸೇರಿ ಆದುದು. ‘ಅದರ ಅದುತನ’, ಅಂದರೆ ವಸ್ತುವಿನ ನಿಜಸ್ವರೂಪ ಎಂಬುದು ಅದರ ಮೂಲಾರ್ಥ. ಬರವಣಿಗೆಯಲ್ಲಿ ‘ತತ್ವ’ ಎಂಬ ರೂಪವೂ ರೂಢಿಯಲ್ಲಿದೆ. ಆದರೆ ಪದದ ರಚನೆಯನ್ನು ಕಲಿಸುವಾಗ ಎರಡು ತಕಾರಗಳುಳ್ಳ ‘ತತ್ತ್ವ’ ರೂಪವನ್ನೇ ಹಲಗೆಯ ಮೇಲೆ ಬರೆಯುವುದು ಒಳ್ಳೆಯದು.

‘ಗೈಡಿಂಗ್’ ಎಂದರೆ ದಾರಿ ತೋರುವ. ಆದುದರಿಂದ ‘ಗೈಡಿಂಗ್ ಪ್ರಿನ್ಸಿಪಲ್’ ಎಂದರೆ ನಿರ್ಧಾರ ಕೈಗೊಳ್ಳುವ ಪ್ರತಿ ಸಂದರ್ಭದಲ್ಲಿಯೂ ದಾರಿ ತೋರುವ ಮೂಲ ವಿಚಾರ. ಅದು ಆಜ್ಞೆಯಲ್ಲ, ಪಟ್ಟಿಯಲ್ಲ, ವೇಳಾಪಟ್ಟಿಯೂ ಅಲ್ಲ. ಆಜ್ಞೆ, ಪಟ್ಟಿ, ವೇಳಾಪಟ್ಟಿಗಳು ಯಾವುದರಿಂದ ಹುಟ್ಟಬೇಕೋ ಅದು.

ಇಲ್ಲಿ ‘ಗೈಡಿಂಗ್’ ಎಂಬುದರ ಬದಲು ‘ಗೈಡೆಡ್’ ಎಂದು ಬರೆಯುವುದು ತಪ್ಪು. ‘ಗೈಡೆಡ್’ ಎಂದರೆ ಬೇರೆಯವರಿಂದ ದಾರಿ ತೋರಿಸಲ್ಪಟ್ಟ ಎಂದಾಗುತ್ತದೆ. ತತ್ತ್ವವು ದಾರಿ ತೋರುವುದೇ ಹೊರತು ದಾರಿ ಕೇಳುವುದಲ್ಲ. ಹಾಗೆಯೇ ಬಹುವಚನದ ವಿಷಯದಲ್ಲಿಯೂ ಎಚ್ಚರ ಬೇಕು. ಇಂಗ್ಲಿಷಿನಲ್ಲಿ ಬಹುವಚನದ ಗುರುತು ‘ಪ್ರಿನ್ಸಿಪಲ್’ಗೆ ಮಾತ್ರ ಸೇರುತ್ತದೆ, ‘ಗೈಡಿಂಗ್’ಗೆ ಸೇರುವುದಿಲ್ಲ. ಕನ್ನಡ ವಾಕ್ಯದಲ್ಲಿ ‘ಪ್ರಿನ್ಸಿಪಲ್ಸ್‌ಗಳು’, ‘ಗೈಡ್‌ಲೈನ್ಸ್‌ಗಳು’ ಎಂದು ಬರೆಯುವುದು ಬಹುವಚನದ ಮೇಲೆ ಬಹುವಚನ ಹೇರಿದಂತೆ. ‘ಪ್ರಿನ್ಸಿಪಲ್‌ಗಳು’, ‘ಗೈಡ್‌ಲೈನ್‌ಗಳು’ ಎಂದರೆ ಸಾಕು. ‘ತತ್ತ್ವಗಳು’, ‘ಮಾರ್ಗಸೂಚಿಗಳು’ ಎಂದರೆ ಇನ್ನೂ ಲೇಸು.

2. ಒಂದೇ ಉಚ್ಚಾರ, ಎರಡು ಕಾಗುಣಿತ

ಇಂಗ್ಲಿಷಿನಲ್ಲಿ ‘ಪ್ರಿನ್ಸಿಪಲ್’ ಎಂದು ಕೇಳಿಸುವ ಪದಗಳು ಎರಡು. ಒಂದರ ಕೊನೆಯ ಮೂರು ಅಕ್ಷರಗಳು ಪಿ, ಎಲ್, ಇ. ಇದರ ಅರ್ಥ ತತ್ತ್ವ. ಇನ್ನೊಂದರ ಕೊನೆಯ ಮೂರು ಅಕ್ಷರಗಳು ಪಿ, ಎ, ಎಲ್. ಇದರ ಅರ್ಥ ಮುಖ್ಯಸ್ಥ ಅಥವಾ ಮುಖ್ಯವಾದ. ಗಣಿತದಲ್ಲಿ ಸಾಲದ ಲೆಕ್ಕ ಮಾಡುವಾಗ ಬಡ್ಡಿಯಿಂದ ಬೇರೆಯಾದ ‘ಅಸಲು’ ಕೂಡ ಇದೇ ಪದ. ಮೊದಲನೆಯದು ಯಾವಾಗಲೂ ನಾಮಪದ. ಎರಡನೆಯದು ನಾಮಪದವೂ ಹೌದು, ಗುಣವಾಚಕವೂ ಹೌದು.

ಇಂಗ್ಲಿಷನ್ನು ಮನೆಮಾತಾಗಿ ಉಳ್ಳವರೂ ಇವೆರಡನ್ನು ಅದಲುಬದಲು ಮಾಡುತ್ತಾರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ತೊಡಕು ಇನ್ನಷ್ಟು ಹೆಚ್ಚು. ಕನ್ನಡವು ಕೇಳಿದಂತೆ ಬರೆಯುವ ಲಿಪಿ. ಆ ಲಿಪಿಯಲ್ಲಿ ಎರಡೂ ಪದಗಳು ಒಂದೇ ಆಗಿ ಕಾಣುತ್ತವೆ. ಆದಕಾರಣ ‘ಕಿವಿಗೊಟ್ಟು ಕೇಳಿ ಬರೆಯಿರಿ’ ಎಂಬ ಸಲಹೆ ಇಲ್ಲಿ ಉಪಯೋಗಕ್ಕೆ ಬಾರದು. ಅರ್ಥವನ್ನು ತಿಳಿದ ಮೇಲೆಯೇ ಕಾಗುಣಿತ ನಿಶ್ಚಯವಾಗಬೇಕು.

ನೆನಪಿಗೆ ಕನ್ನಡದಲ್ಲಿಯೇ ಒಂದು ಆಸರೆಯಿದೆ. ಕಾಲೇಜಿನ ಮುಖ್ಯಸ್ಥರನ್ನು ನಾವು ‘ಪ್ರಿನ್ಸಿಪಾಲರು’ ಎಂದು ಕರೆಯುತ್ತೇವೆ. ಆ ‘ಪಾ’ ಅಕ್ಷರದಲ್ಲಿ ಆಕಾರವಿದೆ. ಇಂಗ್ಲಿಷ್ ಕಾಗುಣಿತದಲ್ಲಿಯೂ ಅದೇ ಜಾಗದಲ್ಲಿ ‘ಎ’ ಅಕ್ಷರವಿದೆ. ಪ್ರಿನ್ಸಿಪಾಲರಿಗೆ ‘ಎ’ ಉಂಟು, ತತ್ತ್ವಕ್ಕೆ ‘ಎ’ ಇಲ್ಲ ಎಂದು ಮಕ್ಕಳಿಗೆ ಹೇಳಿಕೊಡಬಹುದು. ಇನ್ನೊಂದು ಆಸರೆ: ನಿಯಮ ಎಂಬರ್ಥದ ‘ರೂಲ್’ ಪದವೂ ಎಲ್, ಇ ಅಕ್ಷರಗಳಿಂದಲೇ ಮುಗಿಯುತ್ತದೆ, ತತ್ತ್ವದ ಪದವೂ ಹಾಗೆಯೇ ಮುಗಿಯುತ್ತದೆ. ‘ಗೈಡಿಂಗ್’ ಎಂಬುದರ ಮುಂದೆ ‘ಎ’ ಸೇರಿಸಿದ ಕಾಗುಣಿತ ಬರೆದರೆ ‘ದಾರಿ ತೋರುವ ಪ್ರಿನ್ಸಿಪಾಲರು’ ಎಂದಾಗುವುದು. ತರಗತಿಯಲ್ಲಿ ಇದನ್ನು ಹೇಳಿ ಮಕ್ಕಳನ್ನು ನಗಿಸಿದರೆ ಪಾಠ ಗಟ್ಟಿಯಾಗಿ ಉಳಿಯುವುದು.

ಇಂತಹುದೇ ಇನ್ನೊಂದು ಜೋಡಿ ‘ಟೆನೆಟ್’ ಮತ್ತು ‘ಟೆನೆಂಟ್’. ಮೊದಲನೆಯದು ಒಂದು ಪಂಥ ಅಥವಾ ಸಮುದಾಯ ನಂಬಿ ಹಿಡಿದಿರುವ ಸಿದ್ಧಾಂತ. ಎರಡನೆಯದು ಗೇಣಿದಾರ ಅಥವಾ ಬಾಡಿಗೆದಾರ. ‘ಹಿಡಿದಿರು’ ಎಂಬರ್ಥದ ಒಂದೇ ಲ್ಯಾಟಿನ್ ಧಾತುವಿನಿಂದ ಎರಡೂ ಹುಟ್ಟಿವೆ: ಒಬ್ಬನು ಹಿಡಿದಿರುವುದು ನಂಬಿಕೆಯನ್ನು, ಇನ್ನೊಬ್ಬನು ಹಿಡಿದಿರುವುದು ಹೊಲಮನೆಯನ್ನು.

3. ತತ್ತ್ವ, ನಿಯಮ, ಮಾರ್ಗಸೂಚಿ, ಗುರಿ

ಕಾಗುಣಿತದ ತಪ್ಪು ಕಣ್ಣಿಗೆ ಬೀಳುತ್ತದೆ, ತಿದ್ದಿಕೊಳ್ಳಬಹುದು. ಅರ್ಥದ ತಪ್ಪು ಕಣ್ಣಿಗೆ ಬೀಳದೆ ಉಳಿದುಬಿಡುತ್ತದೆ. ಶಾಲಾ ದಾಖಲೆಗಳಲ್ಲಿ ‘ನಮ್ಮ ಶಾಲೆಯ ಮಾರ್ಗದರ್ಶಕ ತತ್ತ್ವಗಳು’ ಎಂಬ ತಲೆಬರಹದ ಕೆಳಗೆ ಬರುವ ಪಟ್ಟಿಯನ್ನು ನೋಡಿದರೆ ಇದು ತಿಳಿಯುವುದು. ‘ಬೆಳಗ್ಗೆ ಒಂಬತ್ತೂವರೆಗೆ ಪ್ರಾರ್ಥನೆ’, ‘ಎಲ್ಲರೂ ಸಮವಸ್ತ್ರ ಧರಿಸತಕ್ಕದ್ದು’, ‘ನೂರಕ್ಕೆ ನೂರು ಫಲಿತಾಂಶ’ ಇವೆಲ್ಲವೂ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಮೊದಲೆರಡು ನಿಯಮಗಳು, ಮೂರನೆಯದು ಗುರಿ. ತತ್ತ್ವ ಒಂದೂ ಇಲ್ಲ.

ಇವನ್ನು ಬೇರ್ಪಡಿಸಲು ನಾಲ್ಕು ಪ್ರಶ್ನೆಗಳು ನೆರವಾಗುತ್ತವೆ.

ಅದನ್ನು ತಲುಪಿ ಮುಗಿಸಬಹುದೇ? ಹೌದಾದರೆ ಅದು ಗುರಿ.

ಪಾಲಿಸಿದೆವೋ ಮೀರಿದೆವೋ ಎಂದು ಹೌದು–ಇಲ್ಲ ಎಂಬ ಉತ್ತರದಿಂದ ಅಳೆಯಬಹುದೇ? ಹೌದಾದರೆ ಅದು ನಿಯಮ.

ಕೆಲಸವನ್ನು ಹೇಗೆ ಮಾಡಿದರೆ ಅನುಕೂಲ ಎಂದು ಹೇಳುತ್ತದೆಯೇ? ಹೌದಾದರೆ ಅದು ಮಾರ್ಗಸೂಚಿ.

ನಿಯಮ ಏನನ್ನೂ ಹೇಳದಿರುವ ಹೊಸ ಸಂದರ್ಭ ಎದುರಾದಾಗ, ಎರಡು ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕೆಂದು ತಿಳಿಸುತ್ತದೆಯೇ? ಹೌದಾದರೆ ಅದು ತತ್ತ್ವ.

ಒಂದೇ ವಿಷಯವನ್ನು ನಾಲ್ಕು ನೆಲೆಗಳಲ್ಲಿ ಹೇಳಿ ನೋಡಬಹುದು. ಕಾಸರಗೋಡಿನ ಕನ್ನಡ ಮಾಧ್ಯಮ ತರಗತಿಯೊಂದರಲ್ಲಿ ತುಳು, ಕೊಂಕಣಿ, ಮಲಯಾಳ, ಬ್ಯಾರಿ ಮನೆಮಾತಿನ ಮಕ್ಕಳು ಒಟ್ಟಿಗೆ ಕುಳಿತಿರಬಹುದು. ನೀಲಗಿರಿಯಲ್ಲಿ ಬಡಗ, ಆದೋನಿಯಲ್ಲಿ ತೆಲುಗು, ಸೊಲ್ಲಾಪುರದಲ್ಲಿ ಮರಾಠಿ ಮಗುವಿನ ಮನೆಯಂಗಳದ ಮಾತಾಗಿರಬಹುದು. ಅಲ್ಲಿ ‘ಮಗುವಿನ ಮನೆಮಾತನ್ನು ತರಗತಿಯಲ್ಲಿ ಗೌರವಿಸುವುದು’ ಎಂಬುದು ತತ್ತ್ವ. ‘ಮನೆಮಾತಿನಲ್ಲಿ ಉತ್ತರಿಸಿದ ಮಗುವನ್ನು ದಂಡಿಸಕೂಡದು’ ಎಂಬುದು ನಿಯಮ. ‘ಹೊಸ ಪದವನ್ನು ಕಲಿಸುವಾಗ ಅದಕ್ಕೆ ಮಕ್ಕಳ ಮನೆಮಾತಿನಲ್ಲಿ ಏನೆನ್ನುವರೆಂದು ಕೇಳಿ ಹಲಗೆಯ ಮೇಲೆ ಬರೆಯುವುದು’ ಎಂಬುದು ಮಾರ್ಗಸೂಚಿ. ‘ವರ್ಷದ ಕೊನೆಗೆ ಪ್ರತಿ ಮಗುವೂ ಕನ್ನಡದ ಒಂದು ಪುಟ್ಟ ಕಥೆಯನ್ನು ತಾನೇ ಓದುವಂತಾಗುವುದು’ ಎಂಬುದು ಗುರಿ. ನಿಯಮ, ಮಾರ್ಗಸೂಚಿ, ಗುರಿ ಮೂರೂ ತತ್ತ್ವವೊಂದರಿಂದ ಹೊರಟಿವೆ. ತತ್ತ್ವವನ್ನು ತೆಗೆದರೆ ಉಳಿದ ಮೂರೂ ಕಾರಣವಿಲ್ಲದ ಮಾತುಗಳಾಗುತ್ತವೆ.

ಕ್ರಿಯಾಪದವೂ ಈ ಭೇದವನ್ನು ಕಾಪಾಡುತ್ತದೆ. ತತ್ತ್ವವನ್ನು ಎತ್ತಿಹಿಡಿಯುತ್ತೇವೆ, ಅನುಸರಿಸುತ್ತೇವೆ. ನಿಯಮವನ್ನು ಪಾಲಿಸುತ್ತೇವೆ ಅಥವಾ ಉಲ್ಲಂಘಿಸುತ್ತೇವೆ. ಮಾರ್ಗಸೂಚಿಯಂತೆ ನಡೆಯುತ್ತೇವೆ. ಗುರಿಯನ್ನು ಮುಟ್ಟುತ್ತೇವೆ. ‘ಈ ವರ್ಷ ನಾವು ನಮ್ಮ ತತ್ತ್ವಗಳನ್ನು ಸಾಧಿಸಿ ಮುಗಿಸಿದೆವು’ ಎಂದು ಯಾರಾದರೂ ಬರೆದರೆ, ಅವರ ಮನಸ್ಸಿನಲ್ಲಿದ್ದುದು ಗುರಿ ಎಂದು ತಿಳಿಯಬೇಕು.

4. ವಾಕ್ಯದಲ್ಲಿ ಜೋಡಿಸುವ ಕ್ರಮ

ಈ ಪದಪುಂಜದ ಸರಿಬಳಕೆಗೆ ಶಿಕ್ಷಕರೆಲ್ಲರೂ ಬಲ್ಲ ಒಂದು ಉದಾಹರಣೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು. ಅದು ಪಠ್ಯಕ್ರಮ ರಚನೆಗೆ ಐದು ಮಾರ್ಗದರ್ಶಕ ತತ್ತ್ವಗಳನ್ನು ಮುಂದಿಟ್ಟಿತು. ಅವುಗಳ ಸಾರ ಹೀಗಿದೆ: ಜ್ಞಾನವನ್ನು ಶಾಲೆಯ ಹೊರಗಿನ ಬದುಕಿನೊಂದಿಗೆ ಬೆಸೆಯುವುದು, ಕಲಿಕೆಯನ್ನು ಕಂಠಪಾಠದ ರೂಢಿಯಿಂದ ಬಿಡಿಸುವುದು, ಪಠ್ಯಪುಸ್ತಕದ ಆಚೆಗೂ ಚಾಚುವಂತೆ ಪಠ್ಯಕ್ರಮವನ್ನು ಸಮೃದ್ಧಗೊಳಿಸುವುದು, ಪರೀಕ್ಷೆಗಳ ಬಿಗಿಯನ್ನು ಸಡಿಲಿಸಿ ತರಗತಿಯ ಕಲಿಕೆಯೊಂದಿಗೆ ಹೊಂದಿಸುವುದು, ಪ್ರಜಾಪ್ರಭುತ್ವದ ಚೌಕಟ್ಟಿನೊಳಗೆ ಪರಸ್ಪರ ಕಾಳಜಿಯುಳ್ಳ ಅಸ್ಮಿತೆಯನ್ನು ಪೋಷಿಸುವುದು.

ಈ ಐದರಲ್ಲಿ ಒಂದರಲ್ಲಿಯೂ ದಿನಾಂಕವಿಲ್ಲ, ಸಂಖ್ಯೆಯಿಲ್ಲ, ದಂಡನೆಯ ಮಾತಿಲ್ಲ. ಆದರೂ ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು, ಪಠ್ಯಪುಸ್ತಕ ಬರೆಯುವವರು, ಪಾಠಯೋಜನೆ ಮಾಡುವವರು ಎಲ್ಲರೂ ಇವುಗಳಿಂದ ತಮ್ಮ ತಮ್ಮ ನಿರ್ಧಾರಗಳನ್ನು ಹೊರಡಿಸಬಹುದು. ಇದು ತತ್ತ್ವದ ಲಕ್ಷಣ.

ಇನ್ನು ರಚನೆ. ಇಂಗ್ಲಿಷ್ ಮೂಲದಲ್ಲಿ ಈ ಅಂಶಗಳು ‘ಇಂಗ್’ ಅಂತ್ಯವುಳ್ಳ ಕ್ರಿಯಾರೂಪಗಳಿಂದ ಹೊರಡುತ್ತವೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಆ ಏಕರೂಪವನ್ನು ವಾಕ್ಯದ ಕೊನೆಯಲ್ಲಿ ಕಾಣಿಸಬೇಕು: ಬೆಸೆಯುವುದು, ಬಿಡಿಸುವುದು, ಸಮೃದ್ಧಗೊಳಿಸುವುದು, ಹೊಂದಿಸುವುದು, ಪೋಷಿಸುವುದು. ಒಂದನ್ನು ‘ಬೆಸೆಯುವುದು’ ಎಂದೂ ಇನ್ನೊಂದನ್ನು ‘ಬಿಡಿಸಬೇಕು’ ಎಂದೂ ಮತ್ತೊಂದನ್ನು ‘ಸಮೃದ್ಧಿ’ ಎಂದೂ ಬರೆದರೆ ಓದುಗನಿಗೆ ಇವು ಸಮಾನ ತೂಕದ ಐದು ತತ್ತ್ವಗಳೆಂದು ತೋರುವುದಿಲ್ಲ. ಒಂದು ಸಲಹೆ, ಒಂದು ಆಜ್ಞೆ, ಒಂದು ಶೀರ್ಷಿಕೆ ಎಂಬಂತೆ ತೋರುತ್ತದೆ.

ಇಂಗ್ಲಿಷಿನಲ್ಲಿ ಬರೆಯುವಾಗ ಇನ್ನೊಂದು ಸೂಕ್ಷ್ಮವುಂಟು. ‘ನಮ್ಮ ಮಾರ್ಗದರ್ಶಕ ತತ್ತ್ವಗಳಲ್ಲಿ ಒಂದು’ ಎಂದು ಹೇಳುವಾಗ ‘ಒನ್ ಆಫ್’ ಎಂಬುದರ ಮುಂದೆ ‘ಪ್ರಿನ್ಸಿಪಲ್ಸ್’ ಎಂಬ ಬಹುವಚನವೇ ಬರಬೇಕು, ಕ್ರಿಯಾಪದವಾದರೋ ‘ಈಸ್’ ಎಂಬ ಏಕವಚನವಾಗಿರಬೇಕು. ಕನ್ನಡದ ‘ತತ್ತ್ವಗಳಲ್ಲಿ ಒಂದು’ ಎಂಬ ರಚನೆಯಲ್ಲಿಯೂ ಇದೇ ತರ್ಕವಿದೆ. ಬಹುವಚನದ ಗುಂಪಿನಿಂದ ಒಂದನ್ನು ಎತ್ತಿಕೊಂಡಿದ್ದೇವೆ. ಕನ್ನಡದಿಂದ ಹೊರಟರೆ ಮಕ್ಕಳಿಗೆ ಇಂಗ್ಲಿಷಿನ ಈ ನಿಯಮ ಸುಲಭವಾಗಿ ಹಿಡಿಯುತ್ತದೆ.

ಕಛೇರಿಯ ಪತ್ರಗಳಲ್ಲಿ ಎದುರಾಗುವ ಎರಡು ನುಡಿಗಟ್ಟುಗಳನ್ನೂ ಬೇರ್ಪಡಿಸಿ ತಿಳಿಯಬೇಕು. ‘ಇನ್ ಪ್ರಿನ್ಸಿಪಲ್’ ಎಂದರೆ ತಾತ್ತ್ವಿಕವಾಗಿ; ವಿಚಾರವನ್ನು ಒಪ್ಪಲಾಗಿದೆ, ವಿವರಗಳು ಇನ್ನೂ ತೀರ್ಮಾನವಾಗಬೇಕಿವೆ ಎಂದರ್ಥ. ‘ಆನ್ ಪ್ರಿನ್ಸಿಪಲ್’ ಎಂದರೆ ತತ್ತ್ವಕ್ಕೆ ಕಟ್ಟುಬಿದ್ದು. ಹೊಸ ಕೊಠಡಿಗೆ ‘ಇನ್ ಪ್ರಿನ್ಸಿಪಲ್’ ಒಪ್ಪಿಗೆ ದೊರೆತಿದೆ ಎಂಬ ಪತ್ರ ಬಂದರೆ ಅದನ್ನು ‘ಕೊಠಡಿ ಮಂಜೂರಾಗಿದೆ’ ಎಂದು ಪೋಷಕರ ಸಭೆಯಲ್ಲಿ ಓದಿ ಹೇಳುವುದು ಸರಿಯಲ್ಲ. ತಾತ್ತ್ವಿಕ ಒಪ್ಪಿಗೆ ಬೇರೆ, ಮಂಜೂರಾತಿ ಆದೇಶ ಬೇರೆ.

5. ನೆರೆಭಾಷೆಯ ಪದ, ಕನ್ನಡದ ಅರ್ಥ

ಸಂವಿಧಾನದ ನಾಲ್ಕನೆಯ ಭಾಗದ ಹೆಸರನ್ನು ಗಡಿನಾಡಿನ ಶಿಕ್ಷಕರು ತಮ್ಮ ತಮ್ಮ ರಾಜ್ಯದ ಪಠ್ಯಗಳಲ್ಲಿ ಬೇರೆ ಬೇರೆ ಮಾತುಗಳಲ್ಲಿ ಓದುತ್ತಾರೆ. ಕನ್ನಡದಲ್ಲಿ ‘ರಾಜ್ಯನೀತಿಯ ನಿರ್ದೇಶಕ ತತ್ತ್ವಗಳು’. ಮರಾಠಿಯಲ್ಲಿ ‘ಮಾರ್ಗದರ್ಶಕ ತತ್ತ್ವೇ’. ತೆಲುಗಿನಲ್ಲಿ ‘ಆದೇಶಿಕ ಸೂತ್ರಾಲು’. ಮಲಯಾಳದಲ್ಲಿ ‘ನಿರ್ದೇಶಕ ತತ್ತ್ವಙ್ಙಳ್’. ತಮಿಳಿನಲ್ಲಿ ‘ನೆರಿಮುರೈಯುರುತ್ತುಂ ಕೋಟ್ಪಾಡುಗಳ್’. ಎಲ್ಲವೂ ಒಂದನ್ನೇ ಹೇಳುತ್ತವೆ. ಆದರೆ ಆಯಾ ಭಾಷೆಯಿಂದ ಪದವನ್ನು ಹಾಗೆಯೇ ಎತ್ತಿ ಕನ್ನಡ ವಾಕ್ಯದಲ್ಲಿಟ್ಟರೆ ಅರ್ಥ ಜಾರುತ್ತದೆ.

ತೆಲುಗಿನ ‘ಸೂತ್ರ’ಕ್ಕೆ ತತ್ತ್ವ ಎಂಬ ಅರ್ಥ ರೂಢಿಯಲ್ಲಿದೆ, ಇಂದಿನ ಕನ್ನಡದ ಮಗುವಿಗೆ ‘ಸೂತ್ರ’ ಎಂದರೆ ಗಣಿತದ ಅಥವಾ ವ್ಯಾಕರಣದ ಸೂತ್ರ. ‘ಆದೇಶ’ ಎಂದರಂತೂ ಕಛೇರಿಯ ಆಜ್ಞೆ. ‘ಆದೇಶ ಸೂತ್ರಗಳು’ ಎಂದು ರಾಯದುರ್ಗದ ಕನ್ನಡ ತರಗತಿಯಲ್ಲಿ ಬರೆಸಿದರೆ, ಮಕ್ಕಳು ಅದನ್ನು ಕಡ್ಡಾಯ ಆಜ್ಞೆಯೆಂದೇ ತಿಳಿಯುವರು. ತೆಲುಗಿನಲ್ಲಿ ‘ಮಾರ್ಗದರ್ಶಕಾಲು’ ಎಂದರೆ ಮಾರ್ಗಸೂಚಿಗಳು. ಮರಾಠಿಯಲ್ಲಿ ‘ಮಾರ್ಗದರ್ಶಕ ತತ್ತ್ವೇ’ ಎಂದರೆ ಸಂವಿಧಾನದ ನಿರ್ದೇಶಕ ತತ್ತ್ವಗಳು. ಹೀಗೆ ‘ಮಾರ್ಗದರ್ಶಕ’ ಎಂಬ ಒಂದೇ ಪದ ಮಡಕಶಿರದಲ್ಲಿ ಒಂದು ತೂಕ, ಅಕ್ಕಲಕೋಟೆಯಲ್ಲಿ ಇನ್ನೊಂದು ತೂಕ ಪಡೆಯುತ್ತದೆ.

‘ನೀತಿ’ ಎಂಬರ್ಥದ ಪದಗಳಲ್ಲಿಯೂ ಇದೇ ತೊಡಕು. ಮರಾಠಿಯ ‘ಧೋರಣ’ ಎಂದರೆ ಸರಕಾರದ ನೀತಿ. ಕನ್ನಡದಲ್ಲಿ ‘ಧೋರಣೆ’ ಎಂದರೆ ಹೆಚ್ಚಾಗಿ ಮನೋಭಾವ. ತೆಲುಗಿನ ‘ವಿಧಾನಂ’ಗೆ ನೀತಿ ಎಂಬ ಅರ್ಥವೂ ಉಂಟು, ಕನ್ನಡದ ‘ವಿಧಾನ’ ಎಂದರೆ ಮಾಡುವ ಬಗೆ. ಮಲಯಾಳದ ‘ನಯಂ’ ಎಂದರೆ ನೀತಿ. ಕನ್ನಡದ ‘ನಯ’ ಎಂದರೆ ನುಣುಪು, ವಿನಯ. ತಮಿಳಿನ ‘ಕೊಳ್ಗೈ’ ತತ್ತ್ವವನ್ನೂ ಸೂಚಿಸುತ್ತದೆ, ನೀತಿಯನ್ನೂ ಸೂಚಿಸುತ್ತದೆ. ತಾಳವಾಡಿಯ ಶಿಕ್ಷಕರು ತಮಿಳು ಸುತ್ತೋಲೆಯನ್ನು ಕನ್ನಡಿಸುವಾಗ ಸಂದರ್ಭ ನೋಡಿ ಎರಡರಲ್ಲಿ ಒಂದನ್ನು ಆಯಬೇಕಾಗುತ್ತದೆ.

ಇದರಿಂದ ನೆರೆಭಾಷೆ ತಪ್ಪು, ಕನ್ನಡ ಸರಿ ಎಂದು ತಿಳಿಯಬಾರದು. ಪ್ರತಿಯೊಂದು ಭಾಷೆಯೂ ತನ್ನ ಮನೆಯಲ್ಲಿ ಸರಿ. ಹೊಸ್ತಿಲು ದಾಟುವಾಗ ಮಾತ್ರ ಎಚ್ಚರ ಬೇಕು. ಎರಡು ಭಾಷೆ ಬಲ್ಲ ಗಡಿನಾಡಿನ ಮಕ್ಕಳಿಗೆ ಈ ಹೋಲಿಕೆಯನ್ನು ತೋರಿಸಿದರೆ ಅದು ಅವರಿಗೆ ಹೊರೆಯಾಗದೆ ಬಲವೇ ಆಗುವುದು. ಕನ್ನಡದೊಳಗೂ ಒಂದು ಸೊಗಸಾದ ಪಾಠವಿದೆ. ಆದೇಶ, ನಿರ್ದೇಶ, ಉಪದೇಶ, ಉದ್ದೇಶ, ಸಂದೇಶ ಈ ಐದೂ ‘ತೋರಿಸು’ ಎಂಬರ್ಥದ ‘ದಿಶ್’ ಎಂಬ ಒಂದೇ ಧಾತುವಿನಿಂದ ಹುಟ್ಟಿವೆ. ಉಪಸರ್ಗ ಬದಲಾದಂತೆ ಆಜ್ಞೆ, ತೋರುವಿಕೆ, ಬುದ್ಧಿಮಾತು, ಗುರಿ, ಸುದ್ದಿ ಎಂಬ ಅರ್ಥಗಳು ಬೇರೆಯಾಗುತ್ತವೆ.

6. ಪದದ ತೂಕ, ಮನವಿಯ ಬಲ

ಈಗ ಪೀಠಿಕೆಯಲ್ಲಿ ಕಂಡ ವಾಕ್ಯಕ್ಕೆ ಮರಳಬಹುದು. ಸಂವಿಧಾನದ ನಾಲ್ಕನೆಯ ಭಾಗದಲ್ಲಿ, 36ರಿಂದ 51ರವರೆಗಿನ ಅನುಚ್ಛೇದಗಳಲ್ಲಿ, ರಾಜ್ಯನೀತಿಯ ನಿರ್ದೇಶಕ ತತ್ತ್ವಗಳಿವೆ. ಐರ್ಲೆಂಡಿನ 1937ರ ಸಂವಿಧಾನದಲ್ಲಿದ್ದ ಇಂತಹ ತತ್ತ್ವಗಳು ನಮ್ಮ ಸಂವಿಧಾನಕಾರರಿಗೆ ಮಾದರಿಯಾಗಿದ್ದವು. 37ನೆಯ ಅನುಚ್ಛೇದವು ಈ ತತ್ತ್ವಗಳ ಸ್ವರೂಪವನ್ನು ಸ್ಪಷ್ಟಪಡಿಸುತ್ತದೆ: ಈ ಭಾಗದ ಉಪಬಂಧಗಳನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸಲಾಗದು, ಆದರೂ ಇವು ದೇಶದ ಆಡಳಿತದಲ್ಲಿ ಮೂಲಭೂತವಾದವು, ಶಾಸನ ರಚಿಸುವಾಗ ಇವನ್ನು ಅನ್ವಯಿಸುವುದು ರಾಜ್ಯದ ಕರ್ತವ್ಯ.

ಆದರೆ 350-ಎ ಅನುಚ್ಛೇದ ನಾಲ್ಕನೆಯ ಭಾಗದಲ್ಲಿ ಇಲ್ಲ. ಅದು ಇರುವುದು ಭಾಷೆಗಳ ಕುರಿತಾದ ಹದಿನೇಳನೆಯ ಭಾಗದಲ್ಲಿ, ‘ವಿಶೇಷ ನಿರ್ದೇಶನಗಳು’ ಎಂಬ ಅಧ್ಯಾಯದಲ್ಲಿ. ರಾಜ್ಯ ಪುನರ್ವಿಂಗಡಣೆಯಾದ 1956ರಲ್ಲಿಯೇ, ಏಳನೆಯ ತಿದ್ದುಪಡಿಯ ಮೂಲಕ ಅದು ಸೇರಿತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ ರಾಜ್ಯದೊಳಗಿನ ಪ್ರತಿ ಸ್ಥಳೀಯ ಪ್ರಾಧಿಕಾರವೂ ಪ್ರಯತ್ನಿಸತಕ್ಕದ್ದು ಎಂದೂ, ಅದಕ್ಕಾಗಿ ಅಗತ್ಯವೆಂದು ಕಂಡ ನಿರ್ದೇಶನಗಳನ್ನು ರಾಷ್ಟ್ರಪತಿಗಳು ಯಾವುದೇ ರಾಜ್ಯಕ್ಕೆ ನೀಡಬಹುದೆಂದೂ ಅದು ಹೇಳುತ್ತದೆ. ಅದರ ಬೆನ್ನಿಗೇ 350-ಬಿ ಅನುಚ್ಛೇದ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯ ನೇಮಕವನ್ನು ಹೇಳುತ್ತದೆ.

ಮನವಿ ಬರೆದವರು 350-ಎ ಅನುಚ್ಛೇದವನ್ನು ‘ನಿರ್ದೇಶಕ ತತ್ತ್ವ’ ಎಂದು ಕರೆದಾಗ, 37ನೆಯ ಅನುಚ್ಛೇದದ ‘ಜಾರಿಗೊಳಿಸಲಾಗದು’ ಎಂಬ ಮಾತನ್ನು ತಾವಾಗಿಯೇ ತಮ್ಮ ಬೇಡಿಕೆಗೆ ಅಂಟಿಸಿದಂತಾಯಿತು. ಆ ಮಾತು ಅನ್ವಯಿಸುವುದು ನಾಲ್ಕನೆಯ ಭಾಗಕ್ಕೆ. ‘ವಿಶೇಷ ನಿರ್ದೇಶನ’ ಎಂದು ಸರಿಯಾದ ಹೆಸರಿನಿಂದ ಕರೆದಿದ್ದರೆ, ಆ ಅನುಚ್ಛೇದ ತನ್ನ ನಿಜವಾದ ಮಾತಿನೊಂದಿಗೆ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ, ಮನವಿಯಲ್ಲಿ ನಿಲ್ಲುತ್ತಿತ್ತು. ಇದರ ವಿರುದ್ಧ ದಿಕ್ಕಿನ ತಪ್ಪೂ ಉಂಟು. 350-ಎ ‘ಮೂಲಭೂತ ಹಕ್ಕು’ ಎಂದು ಬರೆಯುವುದು ಅತ್ಯುಕ್ತಿ. ಮೂಲಭೂತ ಹಕ್ಕುಗಳು ಮೂರನೆಯ ಭಾಗದಲ್ಲಿವೆ: ತಮ್ಮ ಭಾಷೆ, ಲಿಪಿ, ಸಂಸ್ಕೃತಿಯನ್ನು ಉಳಿಸಿಕೊಳ್ಳುವ ಹಕ್ಕು 29ನೆಯ ಅನುಚ್ಛೇದದಲ್ಲಿ, ಧಾರ್ಮಿಕ ಅಥವಾ ಭಾಷಾ ಅಲ್ಪಸಂಖ್ಯಾತರು ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು 30ನೆಯ ಅನುಚ್ಛೇದದಲ್ಲಿ.

ಆದುದರಿಂದ ಆ ವಾಕ್ಯವನ್ನು ಹೀಗೆ ತಿದ್ದಬಹುದು: “ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಗೆ ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯವು ಪ್ರಯತ್ನಿಸತಕ್ಕದ್ದು ಎಂಬ ಸಂವಿಧಾನದ 350-ಎ ಅನುಚ್ಛೇದದ ವಿಶೇಷ ನಿರ್ದೇಶನದಂತೆ, ನಮ್ಮ ಶಾಲೆಯಲ್ಲಿ ತೆರವಾಗಿರುವ ಕನ್ನಡ ಶಿಕ್ಷಕರ ಹುದ್ದೆಯನ್ನು ತುಂಬಿಸಿಕೊಡಬೇಕೆಂದು ಕೋರುತ್ತೇವೆ.”

ತತ್ತ್ವಕ್ಕೆ ಬಲವೇ ಇಲ್ಲವೆಂದು ಇದರಿಂದ ಭಾವಿಸಬಾರದು. 45ನೆಯ ಅನುಚ್ಛೇದದ ಕಥೆ ಇದಕ್ಕೆ ಸಾಕ್ಷಿ. ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣ ನೀಡಲು ರಾಜ್ಯ ಪ್ರಯತ್ನಿಸಬೇಕೆಂಬುದು 1950ರಲ್ಲಿ ನಿರ್ದೇಶಕ ತತ್ತ್ವ ಮಾತ್ರವಾಗಿತ್ತು. 2002ರ ಎಂಬತ್ತಾರನೆಯ ತಿದ್ದುಪಡಿಯಿಂದ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಅದು 21-ಎ ಅನುಚ್ಛೇದದ ಮೂಲಭೂತ ಹಕ್ಕಾಯಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಆ ಕಾಯಿದೆಯ ಅನುಸೂಚಿಯಲ್ಲಿ ಒಂದರಿಂದ ಐದನೆಯ ತರಗತಿಗೆ ವರ್ಷಕ್ಕೆ 200 ಕೆಲಸದ ದಿನಗಳು, ಆರರಿಂದ ಎಂಟನೆಯ ತರಗತಿಗೆ 220 ದಿನಗಳು ಎಂಬ ಅಳೆಯಬಹುದಾದ ನಿಯಮ ಬಂದಿತು. ಅದರ 29ನೆಯ ಪ್ರಕರಣದಲ್ಲಿ ಸಾಧ್ಯವಾದಷ್ಟು ಮಟ್ಟಿಗೆ ಮಗುವಿನ ಮಾತೃಭಾಷೆಯೇ ಬೋಧನಾ ಮಾಧ್ಯಮವಾಗಿರಬೇಕೆಂಬ ಮಾತೂ ಸೇರಿತು. ತತ್ತ್ವವು ಹಕ್ಕಾಗಿ, ಹಕ್ಕು ಕಾಯಿದೆಯಾಗಿ, ಕಾಯಿದೆ ನಿಯಮವಾಗಿ ಇಳಿದು ಬಂದ ದಾರಿ ಇದು. ದಶಕಗಳ ಕಾಲ ತತ್ತ್ವವಾಗಿ ಉಳಿದಿದ್ದ ಮಾತು ಕೊನೆಗೆ ಹಕ್ಕಾಯಿತು.

ಅಂತರರಾಷ್ಟ್ರೀಯ ಬಳಕೆಯೂ ಹೀಗೆಯೇ ಇದೆ. ಸ್ವದೇಶದೊಳಗೇ ನೆಲೆ ಕಳೆದುಕೊಂಡವರ ರಕ್ಷಣೆಗಾಗಿ 1998ರಲ್ಲಿ ವಿಶ್ವಸಂಸ್ಥೆಯಲ್ಲಿ ಮಂಡಿತವಾದ ದಾಖಲೆಯ ಹೆಸರಿನಲ್ಲಿಯೂ, ಉದ್ಯಮ ಮತ್ತು ಮಾನವ ಹಕ್ಕುಗಳ ಕುರಿತು 2011ರಲ್ಲಿ ಅನುಮೋದಿತವಾದ ದಾಖಲೆಯ ಹೆಸರಿನಲ್ಲಿಯೂ ‘ಗೈಡಿಂಗ್ ಪ್ರಿನ್ಸಿಪಲ್ಸ್’ ಎಂಬ ಪದಪುಂಜವೇ ಇದೆ. ಅವೆರಡೂ ದೇಶಗಳು ಸಹಿ ಹಾಕಿದ ಒಪ್ಪಂದಗಳಲ್ಲ. ದೇಶಗಳ ನಡೆಗೆ ದಾರಿ ತೋರುವ ದಾಖಲೆಗಳು. ಹೆಸರೇ ಅವುಗಳ ತೂಕವನ್ನು ತಿಳಿಸುತ್ತದೆ.

7. ತರಗತಿಯ ಚಟುವಟಿಕೆಗಳು

ಚಟುವಟಿಕೆ ಒಂದು. ಹಲಗೆಯ ಮೇಲೆ ತತ್ತ್ವ, ನಿಯಮ, ಮಾರ್ಗಸೂಚಿ, ಗುರಿ ಎಂಬ ನಾಲ್ಕು ಅಂಕಣಗಳನ್ನು ಎಳೆಯಬೇಕು. ಶಾಲೆಯ ಗೋಡೆಬರಹಗಳನ್ನೂ ಸೂಚನಾಫಲಕದ ವಾಕ್ಯಗಳನ್ನೂ ಮಕ್ಕಳೇ ಚೀಟಿಗಳಲ್ಲಿ ಬರೆದು ತಂದು, ತಕ್ಕ ಅಂಕಣದಲ್ಲಿ ಇಟ್ಟು ಕಾರಣ ಹೇಳಬೇಕು. ಭಿನ್ನಾಭಿಪ್ರಾಯ ಬಂದಲ್ಲಿ ಮೂರನೆಯ ಭಾಗದ ನಾಲ್ಕು ಪ್ರಶ್ನೆಗಳನ್ನು ಕೇಳಬೇಕು.

ಚಟುವಟಿಕೆ ಎರಡು. ತರಗತಿಯ ಮಕ್ಕಳು ಗುಂಪುಗಳಾಗಿ ಕುಳಿತು ತಮ್ಮ ತರಗತಿಗೆ ಮೂರು ಮಾರ್ಗದರ್ಶಕ ತತ್ತ್ವಗಳನ್ನು ರಚಿಸಬೇಕು. ಮೂರೂ ‘–ವುದು’ ಎಂಬ ರೂಪದಲ್ಲಿಯೇ ಕೊನೆಗೊಳ್ಳಬೇಕು. ಅನಂತರ ಪ್ರತಿ ತತ್ತ್ವದಿಂದ ಒಂದೊಂದು ನಿಯಮವನ್ನು ಹೊರಡಿಸಬೇಕು. ಯಾವುದರಿಂದ ನಿಯಮ ಹೊರಡುವುದಿಲ್ಲವೋ ಅದನ್ನು ಮತ್ತೆ ತಿದ್ದಬೇಕು.

ಚಟುವಟಿಕೆ ಮೂರು. ಪ್ರೌಢಶಾಲಾ ಮಕ್ಕಳು ರಾಜ್ಯಭಾಷೆಯ ಒಂದು ಸುತ್ತೋಲೆಯನ್ನೋ ಪತ್ರಿಕಾ ವರದಿಯನ್ನೋ ತಂದು, ಅದರಲ್ಲಿನ ನೀತಿ, ತತ್ತ್ವ, ಸೂಚನೆ ಎಂಬರ್ಥದ ಪದಗಳನ್ನು ಗುರುತಿಸಿ, ಅದೇ ಪದ ಕನ್ನಡದಲ್ಲಿ ಬೇರೆ ಅರ್ಥ ಕೊಡುವುದೇ ಎಂದು ಪರಿಶೀಲಿಸಿ ಪಟ್ಟಿ ಮಾಡಬೇಕು.

8. ಅಭ್ಯಾಸ

ಕೆಳಗಿನ ವಾಕ್ಯಗಳನ್ನು ತಿದ್ದಿರಿ.

ಅ) ‘ಶಾಲೆಯ ಗೈಡಿಂಗ್ ಪ್ರಿನ್ಸಿಪಲ್ಸ್‌ಗಳನ್ನು ಎಲ್ಲರೂ ಓದತಕ್ಕದ್ದು.’
ಆ) ‘ಜೂನ್ ತಿಂಗಳೊಳಗೆ ಎಲ್ಲ ಮಕ್ಕಳಿಗೂ ಪುಸ್ತಕ ತಲುಪಿಸುವುದು ನಮ್ಮ ಮಾರ್ಗದರ್ಶಕ ತತ್ತ್ವ.’
ಇ) ‘ಇಲಾಖೆಯು ತಾತ್ತ್ವಿಕವಾಗಿ ಒಪ್ಪಿರುವುದರಿಂದ ಹುದ್ದೆ ಮಂಜೂರಾಗಿದೆ.’
ಈ) ‘350-ಎ ಅನುಚ್ಛೇದವು ಮಾತೃಭಾಷಾ ಶಿಕ್ಷಣದ ಮೂಲಭೂತ ಹಕ್ಕನ್ನು ನೀಡುತ್ತದೆ.’

ಉತ್ತರಗಳ ಸುಳಿವು: ಮೊದಲನೆಯದರಲ್ಲಿ ಬಹುವಚನ ಎರಡು ಬಾರಿ ಬಂದಿದೆ. ಎರಡನೆಯದು ಗುರಿ, ಅದರ ಹಿಂದಿರುವ ತತ್ತ್ವ ‘ಪುಸ್ತಕವಿಲ್ಲದ ಕಾರಣಕ್ಕೆ ಯಾವ ಮಗುವೂ ಹಿಂದುಳಿಯದಂತೆ ನೋಡಿಕೊಳ್ಳುವುದು’ ಎಂಬಂತಿರಬಹುದು. ಮೂರನೆಯದರಲ್ಲಿ ಒಪ್ಪಿಗೆಯನ್ನು ಮಂಜೂರಾತಿಯೆಂದು ಭಾವಿಸಲಾಗಿದೆ. ನಾಲ್ಕನೆಯದರಲ್ಲಿ ‘ಮೂಲಭೂತ ಹಕ್ಕು’ ಎಂಬುದರ ಸ್ಥಾನದಲ್ಲಿ ‘ವಿಶೇಷ ನಿರ್ದೇಶನ’ ಎಂಬುದು ಬರಬೇಕು. ವಾಕ್ಯವನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು.

ಉಪಸಂಹಾರ

ನಿಯಮವು ಅದನ್ನು ಪಾಲಿಸಬೇಕಾದವರನ್ನು ಮಾತ್ರ ಕಟ್ಟುತ್ತದೆ. ತತ್ತ್ವವಾದರೋ ಅದನ್ನು ಉಚ್ಚರಿಸಿದವರನ್ನೂ ಕಟ್ಟುತ್ತದೆ. ಮಗುವಿಗೆ ಅದರ ಮಾತೃಭಾಷೆಯಲ್ಲಿ ಕಲಿಯುವ ಅವಕಾಶವಿರಬೇಕೆಂಬ ತತ್ತ್ವವನ್ನು ರಾಜ್ಯದ ಮುಂದೆ ಎತ್ತಿಹಿಡಿಯುವ ಕನ್ನಡ ಶಾಲೆ, ತನ್ನದೇ ತರಗತಿಯ ತುಳು ಮಗುವಿನ, ಬಡಗ ಮಗುವಿನ, ತೆಲುಗು ಮಗುವಿನ ಮುಂದೆಯೂ ಅದನ್ನು ಎತ್ತಿಹಿಡಿಯಬೇಕಾಗುತ್ತದೆ. ಮನವಿಯಲ್ಲಿ ‘ತತ್ತ್ವ’ ಎಂದು ಬರೆಯುವ ಮುನ್ನ ಆ ಮಾತು ತಮ್ಮ ತರಗತಿಯಲ್ಲಿ ನಡೆಯುತ್ತಿದೆಯೇ ಎಂದು ಶಿಕ್ಷಕರು ಒಮ್ಮೆ ನೋಡಿಕೊಂಡರೆ, ಪದದ ಬಳಕೆಯೂ ಸರಿಯಾಗುವುದು, ಮನವಿಗೂ ಬಲ ಬರುವುದು.